ನಡುಕ ಕಾಣುತ್ತದೆ, ಖಿನ್ನತೆ ಕಾಣುವುದಿಲ್ಲ

ಪಾರ್ಕಿನ್ಸನ್ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ನಡುಗುವ ಕೈ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು ವಿವರಿಸಿದಾಗಲೂ ನಡುಕವನ್ನೇ ಹೆಸರಾಗಿಸಿದರು. 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ ಜ್ಯೋತಿ ಬೆಳಗಿಸಿದ ಮುಹಮ್ಮದ್ ಅಲಿಯವರ ನಡುಗುವ ಕೈಯನ್ನು ಜಗತ್ತೇ ನೋಡಿತು. ಆದರೆ ಈ ರೋಗಿಗಳಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿಯನ್ನು ಕಾಡುವ ಖಿನ್ನತೆಯನ್ನು ಮನೆಯವರೂ ನೋಡುವುದಿಲ್ಲ.

'ಇಂಥ ಕಾಯಿಲೆ ಬಂದ ಮೇಲೆ ಬೇಸರವಾಗದೇ ಇರುತ್ತದೆಯೇ?' ಎನ್ನುತ್ತೇವೆ ನಾವು. ಸಹಾನುಭೂತಿಯಂತೆ ಕೇಳಿಸುವ ಈ ಮಾತೇ ಚಿಕಿತ್ಸೆಯ ಬಾಗಿಲನ್ನು ಮುಚ್ಚುತ್ತದೆ. ನಿಜವಾಗಿ, ಈ ಖಿನ್ನತೆ ಬರೇ ದುಃಖದ ಫಲವಲ್ಲ. ಮಿದುಳಿನಲ್ಲಿ ಡೋಪಮಿನ್ ಕುಗ್ಗುವುದರ ಜೊತೆಗೆ, ಮನಸ್ಸಿನ ಸ್ಥಿತಿಯನ್ನು ಕಾಯುವ ಸೆರೊಟೋನಿನ್‌ನಂಥ ರಾಸಾಯನಿಕಗಳ ವ್ಯವಸ್ಥೆಯೂ ಹಾಳಾಗುತ್ತದೆ. ಕೆಲವರಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಖಿನ್ನತೆ ಕಾಣಿಸಿಕೊಳ್ಳುವುದುಂಟು. ತನಗಿದೆಯೆಂದು ಗೊತ್ತೇ ಇಲ್ಲದ ಕಾಯಿಲೆಗಾಗಿ ಯಾರಾದರೂ ಕೊರಗುತ್ತಾರೆಯೇ?

ಗುರುತಿಸುವುದು ಸುಲಭವಲ್ಲ, ಒಪ್ಪೋಣ. ಭಾವವಿಲ್ಲದ ಮುಖ, ತಗ್ಗಿದ ದನಿ, ನಿಧಾನ ನಡಿಗೆ, ಕೆಟ್ಟ ನಿದ್ದೆ ಇವೆಲ್ಲ ಮೂಲ ಕಾಯಿಲೆಯಲ್ಲೂ ಇರುತ್ತವೆ. ಆದ್ದರಿಂದ ಮುಖ ನೋಡಿ ತೀರ್ಮಾನಿಸದೆ ಕೇಳಬೇಕು. ಮೊಮ್ಮಕ್ಕಳು ಬಂದರೆ ಖುಷಿಯಾಗುತ್ತದೆಯೇ? ತಾನು ಮನೆಗೆ ಹೊರೆ ಎಂದೆನಿಸುತ್ತಿದೆಯೇ? ಬದುಕೇ ಬೇಡವೆನಿಸಿದೆಯೇ? ಕೊನೆಯ ಪ್ರಶ್ನೆಯನ್ನು ಕೇಳಲು ನಾವು ಹೆದರುತ್ತೇವೆ. ಕೇಳಿದರೆ ಅಂಥ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ.

ಚಿಕಿತ್ಸೆ ಇಲ್ಲವೆಂದಲ್ಲ. ಲೆವೊಡೋಪಾ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೇ ಮನಸ್ಸೂ ಕುಸಿಯುತ್ತಿದ್ದರೆ, ವೈದ್ಯರು ಮಾತ್ರೆಯ ಪ್ರಮಾಣ, ಸಮಯವನ್ನು ಬದಲಿಸಿ ನೋಡಬಹುದು. ಖಿನ್ನತೆ ನಿವಾರಕ ಮಾತ್ರೆಗಳಿಂದ ಲಾಭವಿದೆಯೆಂದು ಅಧ್ಯಯನಗಳು ತೋರಿಸಿವೆ; 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪರಾಕ್ಸಿಟಿನ್ ಮತ್ತು ವೆನ್ಲಾಫ್ಯಾಕ್ಸಿನ್ ಫಲ ಕೊಟ್ಟವು, ನಡುಕ-ಬಿಗಿತವನ್ನೂ ಹೆಚ್ಚಿಸಲಿಲ್ಲ. ಯೋಚನೆಯ ದಾರಿಯನ್ನು ತಿದ್ದುವ ಆಪ್ತಸಮಾಲೋಚನೆಯೂ ನೆರವಾಗುತ್ತದೆ. ಫಲ ಕಾಣಲು ವಾರಗಳು ಬೇಕು. ನಮ್ಮಲ್ಲಾದರೋ ಹತ್ತು ದಿನಕ್ಕೆ 'ಏನೂ ಪ್ರಯೋಜನವಿಲ್ಲ' ಎಂದು ಮಾತ್ರೆ ಬಿಡಿಸುವ ಹಿರಿಯರೊಬ್ಬರು ಪ್ರತಿ ಕುಟುಂಬದಲ್ಲೂ ಇರುತ್ತಾರೆ!

ನರರೋಗ ತಜ್ಞರ ಕೋಣೆಯಲ್ಲಿ ಸಿಗುವ ಕೆಲವೇ ನಿಮಿಷಗಳು ನಡುಕದ ಮಾತಿನಲ್ಲೇ ಮುಗಿದುಹೋಗುತ್ತವೆ. ಅವರಾಗಿಯೇ ಕೇಳದಿದ್ದರೆ ನಾವೇ ಹೇಳಬೇಕು. ಮನೋವೈದ್ಯರ ಬಳಿ ಹೋಗಲು ಸಂಕೋಚವಿದ್ದರೆ, 2022ರಲ್ಲಿ ಆರಂಭವಾದ ಸರಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಮೊದಲು ಕರೆ ಮಾಡಬಹುದು. ಮನೋವೈದ್ಯರಲ್ಲಿಗೆ ಹೋಗುವಾಗ ಪಾರ್ಕಿನ್ಸನ್‌ನ ಔಷಧ ಚೀಟಿಯನ್ನು ಮರೆಯದೆ ಒಯ್ಯಿರಿ. ಸೆಲೆಜಿಲಿನ್, ರಸಾಜಿಲಿನ್ ಸೇವಿಸುತ್ತಿರುವವರಿಗೆ ಕೆಲವು ಖಿನ್ನತೆ ನಿವಾರಕಗಳು ಅಪಾಯಕಾರಿಯಾಗಬಲ್ಲವು.