ಮುಯ್ಯಿ ಪುಸ್ತಕ ಇದೆ, ಒಡವೆಯ ಪಟ್ಟಿ ಎಲ್ಲಿ?

ನಮ್ಮ ಸಿದ್ದಾಪುರ, ಕಮಲಶಿಲೆ, ಹೊಸಂಗಡಿ ಕಡೆಯ ಹಳೆಯ ಮನೆಗಳ ಅಟ್ಟ ಹತ್ತಿದವರಿಗೆ ಗೊತ್ತು, ನಾವು ಯಾವುದನ್ನೂ ಸುಲಭಕ್ಕೆ ಬಿಸಾಡುವ ಜನರಲ್ಲ. ಮುರಿದ ಕಡೆಗೋಲು, ತಳ ತೂತಾದ ಹಿತ್ತಾಳೆ ಹಂಡೆ, ಅಜ್ಜಿಯ ಅಡಕತ್ತರಿ, ಭತ್ತ ಅಳೆಯುತ್ತಿದ್ದ ಸೇರು, ಹುಳ ತಿಂದ ಪಂಚಾಂಗಗಳ ಕಟ್ಟು, ಎಲ್ಲವೂ ಅಲ್ಲಿರುತ್ತವೆ. ಇಂಥವನ್ನು ಕೂಡಿಸುವುದನ್ನೇ ಬಾಳಿನ ಕೆಲಸ ಮಾಡಿಕೊಂಡವರೂ ನಮ್ಮ ಕರಾವಳಿಯಲ್ಲಿ ಆಗಿಹೋಗಿದ್ದಾರೆ. ಮಣಿಪಾಲದ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು, ಮತ್ತೆ ಜೋಡಿಸಿ, ಹಸ್ತಶಿಲ್ಪವೆಂಬ ಊರನ್ನೇ ಕಟ್ಟಿದರು. ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ರಾಣಿ ಅಬ್ಬಕ್ಕನ ಹೆಸರಿನ ಅಧ್ಯಯನ ಕೇಂದ್ರದಲ್ಲಿ ತುಳುನಾಡಿನ ಮನೆಬಳಕೆಯ ವಸ್ತುಗಳನ್ನು ಜೋಡಿಸಿಟ್ಟಿದ್ದಾರೆ. ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಒಂದು ಹಂಡೆಯನ್ನು ಯಾವ ಹೆಣ್ಣುಮಗಳು ತವರಿನಿಂದ ತಂದಳು, ಅದು ಕೊನೆಯವರೆಗೂ ಅವಳದಾಗಿಯೇ ಉಳಿಯಿತೆ ಎಂಬುದನ್ನು ಹಂಡೆ ತಾನಾಗಿ ಹೇಳಲಾರದು. ಯಾರಾದರೂ ಬರೆದಿಟ್ಟಿರಬೇಕು.

ಬರೆದಿಡುವ ಅಭ್ಯಾಸ ನಮಗೆ ಇಲ್ಲವೆಂದಲ್ಲ. ಮದುವೆಯ ಚಪ್ಪರದಲ್ಲಿ ಮುಯ್ಯಿ ಬರೆಯಲು ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಯಾರು ಐದು ರೂಪಾಯಿ ಕೊಟ್ಟರು, ಯಾರು ಸ್ಟೀಲಿನ ಡಬ್ಬ ತಂದರು, ಎಲ್ಲವೂ ಅದರಲ್ಲಿ ದಾಖಲು. ನಾಳೆ ಅವರ ಮನೆಯ ಮದುವೆಗೆ ತಿರುಗಿ ಕೊಡಬೇಕಲ್ಲ! ಆ ಪುಸ್ತಕವನ್ನು ಮೂವತ್ತು ವರ್ಷ ಜೋಪಾನ ಮಾಡಿದ ಮನೆಗಳಿವೆ. ಪಾತ್ರೆ ಅಂಗಡಿಯಲ್ಲಿ ಲೋಟಕ್ಕೂ ಹೆಸರು ಕೊರೆಸುತ್ತೇವೆ. ಅದೇ ಚಪ್ಪರದಲ್ಲಿ ಮದುಮಗಳ ಮೈಮೇಲಿರುವ ಹತ್ತಿಪ್ಪತ್ತು ಪವನಿಗೆ ಮಾತ್ರ ಒಂದು ಸಾಲಿನ ಬರಹವೂ ಇಲ್ಲ. ಹೆಣ್ಣಿನ ಮೂಲಕ ಆಸ್ತಿ ಹರಿದುಬಂದ ಅಳಿಯಸಂತಾನದ ಮನೆಗಳಲ್ಲೂ ಇಂದು ಇದೇ ಕತೆ.

ಮುಂದೇನಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. "ನೀನು ಚಿಕ್ಕವಳು, ನಾನು ಜೋಪಾನ ಮಾಡ್ತೇನೆ" ಎಂದು ಅತ್ತೆ ಒಡವೆಯನ್ನು ಬೀರುವಿನೊಳಗೆ ಇಡುತ್ತಾರೆ. ಆಮೇಲೆ ನಾದಿನಿಯ ಮದುವೆ ಬರುತ್ತದೆ, ಗಂಡನ ಅಂಗಡಿಗೆ ಬಂಡವಾಳ ಬೇಕಾಗುತ್ತದೆ. ಚಕ್ರಸರ, ಬೆಂಡೋಲೆ ಬ್ಯಾಂಕಿಗೆ ಅಡವು ಹೋಗುತ್ತವೆ. ಅಡವಿನ ಚೀಟಿ ಗಂಡನ ಹೆಸರಿನಲ್ಲಿ. ಹೊಡೆತ ತಾಳಲಾರದೆ ಅವಳು ಮಗುವನ್ನೆತ್ತಿಕೊಂಡು ತವರಿಗೆ ಬಂದ ದಿನ, ಯಾವ ಒಡವೆ, ನೀನೇನು ತಂದಿದ್ದೆ ಎಂಬ ಮಾತು ಬರುತ್ತದೆ.

ಕಾನೂನು ಈ ವಿಷಯದಲ್ಲಿ ಹೆಣ್ಣಿನ ಕಡೆಗಿದೆ. ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ 1985ರಲ್ಲೇ ಸುಪ್ರೀಂ ಕೋರ್ಟು ಸ್ತ್ರೀಧನ ಹೆಂಡತಿಯ ಸ್ವಂತ ಸೊತ್ತು, ಗಂಡನ ಮನೆಯವರು ಅದನ್ನು ಕಾಯುವವರು ಮಾತ್ರ, ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು ಹೇಳಿತು. 2024ರ ಏಪ್ರಿಲಿನಲ್ಲಿ ಕೇರಳದ ಹೆಣ್ಣುಮಗಳೊಬ್ಬಳ ಮೊಕದ್ದಮೆ ಇತ್ಯರ್ಥವಾಯಿತು. ಮೊದಲ ರಾತ್ರಿಯೇ ಗಂಡ ಅವಳ 89 ಪವನು ಚಿನ್ನ ತೆಗೆದುಕೊಂಡು ಜೋಪಾನಕ್ಕೆಂದು ತಾಯಿಯ ಕೈಗೆ ಕೊಟ್ಟಿದ್ದನೆಂಬುದು ಅವಳ ದೂರು. ಸ್ತ್ರೀಧನ ಗಂಡ ಹೆಂಡಿರ ಜಂಟಿ ಆಸ್ತಿಯಲ್ಲವೆಂದು ಹೇಳಿ, ಆಕೆಗೆ 25 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ನ್ಯಾಯ ಸಿಕ್ಕಿತು ನಿಜ, ಆದರೆ ಅದಕ್ಕಾಗಿ ಅವಳು ಕೆಳಗಿನ ಕೋರ್ಟಿನಿಂದ ದೆಹಲಿಯವರೆಗೆ ಅಲೆಯಬೇಕಾಯಿತು.

ಪಟ್ಟಿ ಬರೆಯುವುದೆಂದರೆ ವರದಕ್ಷಿಣೆಗೆ ನಾವೇ ರುಜು ಹಾಕಿದಂತಲ್ಲವೆ ಎಂದು ಕೆಲವು ಗೆಳತಿಯರು ಕೇಳುತ್ತಾರೆ. ಈ ಹಿಂಜರಿಕೆ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಕೇಳಿ ಪಡೆದುದನ್ನು ಅಪರಾಧವೆನ್ನುತ್ತದೆ. ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಅದು ಶುದ್ಧವಾಗುವುದಿಲ್ಲ. ಯಾರೂ ಕೇಳದೆ, ತಮ್ಮ ಶಕ್ತಿಗೆ ತಕ್ಕಂತೆ ಕೊಟ್ಟ ಉಡುಗೊರೆಗೆ ಮಾತ್ರ ಕಾಯಿದೆ ಎಡೆಕೊಟ್ಟಿದೆ. ಅದಕ್ಕೂ ಪಟ್ಟಿ ಇರಬೇಕೆಂದು 1985ರ ನಿಯಮಗಳು ಹೇಳುತ್ತವೆ: ವಸ್ತು ಯಾವುದು, ಸುಮಾರು ಬೆಲೆ ಎಷ್ಟು, ಕೊಟ್ಟವರು ಯಾರು, ಅವರೇನು ಸಂಬಂಧ, ಕೆಳಗೆ ಗಂಡು ಹೆಣ್ಣು ಇಬ್ಬರ ರುಜು. ಕಾಯಿದೆಯ 6ನೆಯ ಕಲಮನ್ನಂತೂ ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ವರದಕ್ಷಿಣೆಯೆಂದು ಬೇರೆಯವರ ಕೈಗೆ ಹೋದದ್ದು ಕೂಡ ಮೂರು ತಿಂಗಳೊಳಗೆ ಆ ಹೆಣ್ಣಿಗೆ ಸೇರಬೇಕು. ಮದುವೆಯಾದ ಏಳು ವರ್ಷದೊಳಗೆ ಅವಳು ಅಸಹಜವಾಗಿ ಸತ್ತರೆ ಆ ಸೊತ್ತು ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ಅವಳ ತಂದೆತಾಯಿಗೆ. ಗಂಡನಿಗಲ್ಲ.

ಮದುವೆಯಾಗಿ ಹತ್ತು ವರ್ಷ ಕಳೆದವರು ಏನು ಮಾಡಬೇಕು? ಇವತ್ತೇ ಕೂತು ಬರೆಯಬೇಕು. ಮದುವೆಯ ಆಲ್ಬಂ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಯಾವ ಸರ, ಎಷ್ಟು ಬಳೆ ಎಂಬುದು ಅದರಲ್ಲಿ ಕಾಣುತ್ತದೆ. ಚಿನ್ನದಂಗಡಿಯ ಬಿಲ್ಲು ಅಪ್ಪನ ಹಳೆಯ ಟ್ರಂಕಿನಲ್ಲಿ ಸಿಕ್ಕೀತು, ಹುಡುಕಿ. ಕೊಟ್ಟ ಅತ್ತಿಗೆ, ಚಿಕ್ಕಮ್ಮ ಬದುಕಿದ್ದರೆ ಅವರ ರುಜು ಹಾಕಿಸಿ. ಒಡವೆ ಅಡವು ಇಡಲೇಬೇಕಾದರೆ ನಿಮ್ಮ ಹೆಸರಿನಲ್ಲೇ ಇಡಿ, ಚೀಟಿ ನಿಮ್ಮ ಕೈಯಲ್ಲಿರಲಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ ಪ್ರಕಾರ ಸ್ತ್ರೀಧನವನ್ನು ತಡೆಹಿಡಿಯುವುದೂ ಹಿಂಸೆಯೇ. ಅದನ್ನು ಹಿಂದಕ್ಕೆ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಅರ್ಜಿ ಬರೆಯಲು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ಹೋಗಬಹುದು, 181ಕ್ಕೆ ಫೋನೂ ಮಾಡಬಹುದು.

ವಾರದ ಉಳಿತಾಯದ ಹತ್ತು ರೂಪಾಯಿಗೂ ಲೆಕ್ಕ ಬರೆಯುವ ಸಂಘದವರಿಗೆ ಇದು ಕಷ್ಟದ ಕೆಲಸವಲ್ಲ. ಒಂದು ಸಭೆಯನ್ನು ಇದಕ್ಕೇ ಮೀಸಲಿಡಿ. ಬರೆಯಲು ಬಾರದವರಿಗೆ ಬರೆಯಬಲ್ಲವರು ಕೈಜೋಡಿಸಲಿ. ಪಟ್ಟಿಯ ಒಂದು ಪ್ರತಿ ತವರಿನಲ್ಲಿರಲಿ, ಇನ್ನೊಂದು ನಂಬಿದ ಗೆಳತಿಯ ಹತ್ತಿರ. ಒಡವೆ ಇಟ್ಟ ಬೀರುವಿನೊಳಗೇ ಪಟ್ಟಿಯನ್ನೂ ಇಡಬೇಡಿ.