ಯಾವ ಟ್ಯಾಂಕು ತಗೊಳ್ಳಲಿ, ಕಾಕು?

ಈ ಅಂಕಣಕ್ಕೆ ಇದುವರೆಗೆ ಬಂದ ಪ್ರಶ್ನೆಗಳೆಲ್ಲ ಹಬ್ಬ-ಹರಿದಿನ, ಕನ್ನಡ ಓದು, ಹಾಸ್ಟೆಲಿನ ಊಟ ಇವುಗಳ ಸುತ್ತಲೇ ಇದ್ದವು. ಈ ಸಲ ನಮ್ಮ ಧನಕವಡಿಯ ಹುಡುಗನೊಬ್ಬ ನೇರವಾಗಿ ಯುದ್ಧದ ಟ್ಯಾಂಕನ್ನೇ ತಂದು ನನ್ನ ಮುಂದೆ ನಿಲ್ಲಿಸಿದ್ದಾನೆ! ಹನ್ನೊಂದನೆಯ ತರಗತಿ. ಹತ್ತನೆಯದರಲ್ಲಿ ಒಳ್ಳೆಯ ಅಂಕ ತೆಗೆದನೆಂದು ಅಜ್ಜನೂ ಸೋದರಮಾವನೂ ಕೊಟ್ಟ ದುಡ್ಡನ್ನು ಕೂಡಿಟ್ಟಿದ್ದಾನೆ. ಅದರಲ್ಲಿ ಈಗಿನ ಕಾಲದ ಟ್ಯಾಂಕಿನ ಮಾಡೆಲ್ ಕಿಟ್ ಒಂದನ್ನು ಕೊಳ್ಳಬೇಕಂತೆ. "ಕಾಕು, ಹತ್ತಾರು ನಮೂನಿ ಅದಾವ. ಯಾವ ಟ್ಯಾಂಕು ತಗೊಳ್ಳಲಿ?" ಎಂದು ಅವನ ಪ್ರಶ್ನೆ. ಅವನ ತಾಯಿಯದು ಬೇರೆಯೇ ಚಿಂತೆ: "ಓದೋ ಹುಡುಗನ ಕೈಯಾಗ ತೋಪು-ಟ್ಯಾಂಕು ಯಾಕ್ರಿ ವೈನಿ?"

ನನ್ನನ್ನೇ ಏಕೆ ಕೇಳಿದರೆಂದರೆ, ನನ್ನ ಮಗನಿಗೆ ಶಾಲೆಯ ದಿನಗಳಿಂದಲೂ ಇದೇ ಹುಚ್ಚು. ನಮ್ಮ ಊಟದ ಮೇಜಿನ ಸನ್ಮೈಕಾದ ಮೇಲೆ ಅವನ ಗೋಂದಿನ ಕಲೆಗಳು ಇನ್ನೂ ಇವೆ. ಕಸ ಗುಡಿಸುವಾಗ ಸಾಸಿವೆಕಾಳಿನಷ್ಟು ಪ್ಲಾಸ್ಟಿಕ್ ಚೂರು ಸಿಕ್ಕರೆ ಎಸೆಯಬಾರದು, ಅದು ಟ್ಯಾಂಕಿನ ಹಿಡಿಕೆಯಾಗಿರಬಹುದು ಎಂಬ ಜ್ಞಾನ ನನಗೆ ಬಂದದ್ದು ಹಾಗೆ.

ಮೊದಲು ಒಂದು ಮಾತು. ಮಾಡೆಲ್ ಬೇರೆ, ಆಟಿಕೆ ಬೇರೆ. ಪುಣೆಯಲ್ಲಿ ಬೆಳೆದ ನೀವೆಲ್ಲ ದೀಪಾವಳಿಗೆ ಸೊಸೈಟಿಯ ಅಂಗಳದಲ್ಲಿ ಮಣ್ಣಿನ ಕಿಲ್ಲೆ ಕಟ್ಟಿದವರೇ. ಆ ಕಿಲ್ಲೆಯಲ್ಲಿ ಮಾವಳೆ ಸಿಪಾಯಿ ಕೋಟೆಯ ಬಾಗಿಲಿಗಿಂತ ಎತ್ತರ ಇರುತ್ತಾನೆ, ಮೇಲೆ ಕುಳಿತ ಶಿವಾಜಿ ಮಹಾರಾಜರು ಬುರುಜಿಗಿಂತ ದೊಡ್ಡವರು. ನಮ್ಮ ದಸರೆಯ ಗೊಂಬೆಗಳೂ ಹಾಗೆಯೇ. ಶೆಟ್ಟಿಯ ಹೊಟ್ಟೆ ಪಕ್ಕದ ದೇವಸ್ಥಾನದಷ್ಟಿರುತ್ತದೆ! ಯಾರೂ ತಪ್ಪೆನ್ನುವುದಿಲ್ಲ, ಎನ್ನಲೂಬಾರದು. ಆದರೆ ಸ್ಕೇಲ್ ಮಾಡೆಲಿನಲ್ಲಿ ಚಕ್ರ, ಮುಚ್ಚಳ, ತಿರುಪು, ಮನುಷ್ಯ ಎಲ್ಲವೂ ಒಂದೇ ಅಳತೆಯಲ್ಲಿ ಕುಗ್ಗಿರಬೇಕು.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಇಲ್ಲಿ ನೆನಪಾಗುವವನು ಗಲಿವರ್. 1726ರಲ್ಲಿ ಸ್ವಿಫ್ಟ್ ಬರೆದ ಆ ಪುಸ್ತಕದ ಲಿಲಿಪುಟ್ ಜನ ಸುಮಾರು ಆರು ಅಂಗುಲದವರು, ಅಂದರೆ ನಮ್ಮ ಹನ್ನೆರಡನೆಯ ಒಂದು ಭಾಗ. ಹಾಗಾದರೆ ಗಲಿವರನಿಗೆ ಹನ್ನೆರಡು ಜನರ ಊಟ ಸಾಕೇ? ಸಾಲದು. ಉದ್ದ, ಅಗಲ, ಎತ್ತರ ಮೂರೂ ಹನ್ನೆರಡು ಪಟ್ಟು ಆದ್ದರಿಂದ 1728 ಜನರ ಊಟ ಬೇಕು. ಕಿಟ್ ಕೊಳ್ಳುವಾಗಲೂ ಇದೇ ಲೆಕ್ಕ. ಪೆಟ್ಟಿಗೆಯ ಮೇಲೆ 1/35 ಎಂದಿದ್ದರೆ ಆರಡಿ ಆಳು ಐದು ಸೆಂಟಿಮೀಟರಿಗೆ ಸ್ವಲ್ಪ ಮೇಲಾಗುತ್ತಾನೆ, 1/72 ಆದರೆ ಒಂದಂಗುಲ. ಒಂಬತ್ತೂವರೆ ಮೀಟರ್ ಉದ್ದದ ಟಿ-90 ಟ್ಯಾಂಕು 1/35ರಲ್ಲಿ 27 ಸೆಂಟಿಮೀಟರ್, 1/72ರಲ್ಲಿ 13. ಕೇಳಲು ಅರ್ಧ, ಆದರೆ ಕೈಗೆ ಸಿಗುವ ಗಾತ್ರ ಎಂಟನೆಯ ಒಂದು ಭಾಗ. ಚಿಕ್ಕದು ಸುಲಭವೆಂದು ತಿಳಿದು ಕೊಂಡ ಮಕ್ಕಳು ಕಣ್ಣಿಗೆ ಕಾಣದ ಹಿಡಿಕೆಗಳ ಜೊತೆ ಹೆಣಗುವುದನ್ನು ನೋಡಿದ್ದೇನೆ. ಮೊದಲ ಸಲದವರಿಗೆ 1/35 ಅಥವಾ ನಡುವಿನ 1/48 ವಾಸಿ. ತಾಯಂದಿರ ಶೋಕೇಸಿನಲ್ಲಿ ಎಷ್ಟು ಜಾಗ ಖಾಲಿ ಇದೆಯೆಂದು ಟೇಪು ಹಿಡಿದು ನೋಡಿ, ಅನುಮತಿ ಪಡೆದೇ ಮುಂದುವರಿಯಿರಿ.

ಈ 35 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಗೊತ್ತೇ? ಜಪಾನಿನ ಶಿಜುವೊಕಾ ನಗರದ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು; ಹಿಡಿಸುವಷ್ಟು ಅಗಲ ಮಾಡಿದರು. ಆಮೇಲೆ ಅಳೆದರೆ ಅದು ಮೂವತ್ತೈದನೆಯ ಒಂದು ಭಾಗದ ಹತ್ತಿರ ಬಂತು. ಇವತ್ತು ಜಗತ್ತಿನ ಟ್ಯಾಂಕ್ ಕಿಟ್‌ಗಳೆಲ್ಲ ಹೆಚ್ಚಾಗಿ ಅದೇ ಅಳತೆಯವು.

ಇನ್ನು ಯಾವ ಟ್ಯಾಂಕು? ಹುಡುಗನ ಕಣ್ಣು ಅಮೆರಿಕದ ಅಬ್ರಾಮ್ಸ್ ಮೇಲೆ, ಸಿನಿಮಾದಲ್ಲಿ ನೋಡಿದ್ದಾನಲ್ಲ! ನನ್ನ ಅಭಿಪ್ರಾಯ ಕೇಳಿದರೆ, ನೀವು ಹೋಗಿ ಕಣ್ಣಾರೆ ನೋಡಬಹುದಾದದ್ದನ್ನೋ ಅಥವಾ ಕಥೆ ಗೊತ್ತಿರುವುದನ್ನೋ ಆರಿಸಿಕೊಳ್ಳಿ. ನಮ್ಮ ಸೈನ್ಯದಲ್ಲಿ ಈಗ ಮುಖ್ಯವಾಗಿ ಮೂರು ಇವೆ: ಟಿ-72 'ಅಜೇಯ', ಟಿ-90 'ಭೀಷ್ಮ', ಮತ್ತು ನಮ್ಮದೇ ಆದ 'ಅರ್ಜುನ್'. ಮೂರೂ ತಯಾರಾದದ್ದು ಮದ್ರಾಸಿನ ಪಕ್ಕದ ಆವಡಿಯ ಕಾರ್ಖಾನೆಯಲ್ಲಿ, ಮೊದಲೆರಡು ರಷ್ಯದವರ ಲೈಸೆನ್ಸಿನ ಮೇಲೆ.

ಅರ್ಜುನ್ ಪುಣೆಯವರಿಗೆ ಪರಕೀಯವೇನಲ್ಲ. 1974ರಲ್ಲಿ ಮಂಜೂರಾಗಿ, 2004ರಲ್ಲಿ ಸೈನ್ಯ ಸೇರಿದ ಈ ಟ್ಯಾಂಕಿನ 120 ಮಿಲಿಮೀಟರ್ ತೋಪನ್ನು ರೂಪಿಸಿದ್ದು ನಮ್ಮ ಪಾಷಾಣದ ಎ.ಆರ್.ಡಿ.ಇ. ಸಂಸ್ಥೆ. ಅದರ ಸುಧಾರಿತ ಮಾದರಿ 2021ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಸೈನ್ಯಕ್ಕೆ ಹಸ್ತಾಂತರವಾಯಿತು. ತೂಕ 68 ಟನ್! ಹುಡುಗನಿಗೆ ಇದನ್ನೇ ಕೊಡಿಸೋಣವೆಂದು ನಾನೂ ಹುಡುಕಿದೆ. ಆದರೆ ನಾನು ವಿಚಾರಿಸಿದ ಅಂಗಡಿಗಳಲ್ಲಿ ಅಬ್ರಾಮ್ಸ್ ರಾಶಿ ರಾಶಿ ಇತ್ತು, ಅರ್ಜುನ್ ಒಂದೂ ಸಿಗಲಿಲ್ಲ.

ಟಿ-90 ಬೇಕಾದಷ್ಟು ಸಿಗುತ್ತದೆ. ರಷ್ಯದ ಜ್ವೆಜ್ದಾ, ಚೀನಾದ ಟ್ರಂಪೆಟರ್, ಮೆಂಗ್ ಎಲ್ಲರೂ ಮಾಡಿದ್ದಾರೆ. (ಭೀಷ್ಮ ಕಟ್ಟಲು ಚೀನಾದ ಪೆಟ್ಟಿಗೆ ಕೊಳ್ಳಬೇಕಾಗಿ ಬಂದರೆ ಯಾರನ್ನು ಬಯ್ಯುವುದೋ!) ಆದರೆ ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಪೆಟ್ಟಿಗೆಯ ಚಿತ್ರದಲ್ಲಿ ತೋಪಿನ ಎಡಬಲಕ್ಕೆ ಕೆಂಪು ದೀಪದಂಥ ಎರಡು ಡಬ್ಬಿಗಳು ಕಾಣಿಸುತ್ತವೆಯೇ, ರಾಕ್ಷಸನ ಕಣ್ಣಿನ ಹಾಗೆ? ಅದಕ್ಕೆ 'ಶ್ತೋರಾ' ಎನ್ನುತ್ತಾರೆ. ಎದುರಿನಿಂದ ಬರುವ ಕ್ಷಿಪಣಿಯ ದಾರಿ ತಪ್ಪಿಸುವ ಸಾಧನ. ಅದಿರುವುದು ರಷ್ಯದ ಸೈನ್ಯದ ಟಿ-90ಎಗೆ. 2001ರ ಒಪ್ಪಂದದ 310 ಟ್ಯಾಂಕುಗಳಿಂದ ಶುರುವಾಗಿ ನಮ್ಮಲ್ಲಿ ಸೇರಿದ ಟಿ-90ಎಸ್‌ಗೆ ಆ ಕಣ್ಣುಗಳಿಲ್ಲ. ಆ ಕಿಟ್ ತಂದು, ಹಸಿರು-ಮರಳು ಬಣ್ಣ ಬಳಿದು 'ಭೀಷ್ಮ' ಎಂದು ಬರೆದರೆ, ಊರ್ಮಿಳೆಗೆ ಸೀತೆಯ ಹೆಸರಿಟ್ಟ ಹಾಗೆ. ತಿಳಿದವರೊಬ್ಬರು ಬಂದರೆ ಸಾಕು, ನಗುತ್ತಾರೆ.

ಆದ್ದರಿಂದ ಮೊದಲ ಕಿಟ್ಟಿಗೆ ನನ್ನ ಮತ ಟಿ-72ಗೆ. ತಾಮಿಯಾದವರ 1/35 ಕಿಟ್ ಇದೆ, ಅದರ ಮೇಲೆ 'ಟಿ-72ಎಂ1' ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ನಮ್ಮ 'ಅಜೇಯ' ಮೂಲದಲ್ಲಿ ಅದೇ ಎಂ1. ಹಳೆಯ ಕಿಟ್ ನಿಜ, ಹೊಸಬರ ನಾಜೂಕು ಇಲ್ಲ. ಆದರೆ ಬಿಡಿಭಾಗಗಳು ಜಗಳವಾಡದೆ ಕೂಡುತ್ತವೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಿಡಿಭಾಗಗಳ ಸಂಖ್ಯೆ ಸಾವಿರ ದಾಟಿದೆ ಎಂದು ಹಿಗ್ಗಬೇಡಿ. ಹೋಳಿಗೆ ಮಾಡಲು ಹೊರಟವರು ಮೊದಲು ಚಪಾತಿ ಲಟ್ಟಿಸಿರಬೇಕು. ಚೈನು ರಬ್ಬರಿನಂತೆ ಒಂದೇ ಪಟ್ಟಿಯಾಗಿದ್ದರೆ ಒಂದು ಸಂಜೆಯ ಕೆಲಸ, ಕೊಂಡಿ ಕೊಂಡಿ ಬಿಡಿಯಾಗಿದ್ದರೆ ಪರೀಕ್ಷೆ ಮುಗಿದ ಮೇಲೆ ನೋಡಿ. ತೆಳು ತಗಡಿನ ಭಾಗಗಳಿದ್ದರೆ ಅವಕ್ಕೆ ಫೆವಿಕ್ವಿಕ್ ಬೇಕು. ಪ್ಲಾಸ್ಟಿಕ್ಕಿಗೆ ಫೆವಿಕಾಲ್ ನಡೆಯುವುದಿಲ್ಲ, ಎರಡು ಅಂಚುಗಳನ್ನು ಕರಗಿಸಿ ಒಂದು ಮಾಡುವ ಮಾಡೆಲ್ ಗೋಂದೇ ಆಗಬೇಕು, ಕಿಟಕಿ ತೆರೆದಿಟ್ಟು. ಅಕ್ಕನ ನೇಲ್ ಪಾಲಿಶ್ ತೆಗೆಯುವ ದ್ರವ ಮುಟ್ಟಿಸಬೇಡಿ, ಅದರ ಅಸಿಟೋನು ಟ್ಯಾಂಕನ್ನೇ ತಿಂದುಹಾಕುತ್ತದೆ.

ಈಗ ಆ ತಾಯಿಯ ಪ್ರಶ್ನೆ. ಟ್ಯಾಂಕು ಒಳ್ಳೆಯ ವಸ್ತುವೆಂದು ನಾನೂ ಹೇಳುವುದಿಲ್ಲ ತಂಗಿ. ಆದರೆ ಕಂಪ್ಯೂಟರ್ ಆಟದಲ್ಲಿ ಒಂದು ಗುಂಡಿ ಒತ್ತಿದರೆ ಹತ್ತು ಟ್ಯಾಂಕು ಸುಡುತ್ತವೆ, ಒಳಗೆ ಯಾರಿದ್ದರೆಂದು ಯಾರೂ ಕೇಳುವುದಿಲ್ಲ. ಟಿ-72ರ ಮೇಲಿನ ಮುಚ್ಚಳಗಳನ್ನು ಕೈಯಾರೆ ಅಂಟಿಸುವ ಹುಡುಗ ಕೇಳಿಯೇ ಕೇಳುತ್ತಾನೆ. ಒಳಗೆ ಮೂವರು: ಮುಂದೆ ಚಾಲಕ, ಮೇಲಿನ ತಿರುಗುವ ಬುರುಡೆಯಲ್ಲಿ ಎಡಕ್ಕೆ ಗುರಿಕಾರ, ಬಲಕ್ಕೆ ನಾಯಕ. ಗುಂಡು ತುಂಬುವ ನಾಲ್ಕನೆಯವನ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆ ಗುಂಡುಗಳೆಲ್ಲ ಇಬ್ಬರ ಕಾಲಬುಡದಲ್ಲಿ ಚಕ್ರದಂತೆ ಜೋಡಿಸಿರುತ್ತವೆ. ಟ್ಯಾಂಕು ತಗ್ಗಾಗಿರಲು ಅದೂ ಒಂದು ಕಾರಣ, ಪೆಟ್ಟು ಬಿದ್ದರೆ ಒಳಗಿನವರು ಉಳಿಯುವುದು ಕಷ್ಟವಾಗುವುದಕ್ಕೂ ಅದೇ ಕಾರಣ.

ನಮ್ಮ ಊರಿನ ಹೆಸರನ್ನೇ ಹೊತ್ತ ಪೂನಾ ಹಾರ್ಸ್ ದಳವನ್ನು ನೋಡಿ. ಪುಣೆಯಲ್ಲಿ ಶಾಲೆ ಕಲಿತ ಕರ್ನಲ್ ತಾರಾಪೋರ್ 1965ರಲ್ಲಿ, ಪುಣೆಯಲ್ಲೇ ಹುಟ್ಟಿದ ಅರುಣ್ ಖೇತರ್‌ಪಾಲ್ 1971ರ ಡಿಸೆಂಬರ್ 16ರಂದು ಬಸಂತರ್ ನದಿಯ ಬಳಿ ಮಡಿದರು. ಇಬ್ಬರಿಗೂ ಮರಣೋತ್ತರ ಪರಮವೀರ ಚಕ್ರ. ಅರುಣ್‌ಗೆ ಆಗ 21 ವರ್ಷ, ಸೈನ್ಯ ಸೇರಿ ಆರು ತಿಂಗಳು. ಬೆಂಕಿ ಹತ್ತಿದ ಟ್ಯಾಂಕನ್ನು ಬಿಟ್ಟು ಇಳಿಯಲು ಹೇಳಿದರೂ ಅವನು ಇಳಿಯಲಿಲ್ಲ. ನಿಮ್ಮಲ್ಲಿ ಕೆಲವರು ಈಗ ಅದೇ ವಯಸ್ಸಿನವರು.

ಅವನ 'ಫಾಮಗುಸ್ತಾ' ಎಂಬ ಸೆಂಚುರಿಯನ್ ಟ್ಯಾಂಕನ್ನು ಅಹಮದ್‌ನಗರದ ಸೈನ್ಯದ ಶಾಲೆಯಲ್ಲಿ ಕಾಪಾಡಿಟ್ಟಿದ್ದಾರೆ. ಆ ಊರಿಗೆ 2024ರಿಂದ ಅಹಿಲ್ಯಾನಗರ ಎಂದು ಹೆಸರು. ಇಲ್ಲಿಂದ ಸುಮಾರು 120 ಕಿಲೋಮೀಟರ್. ಅಲ್ಲಿ 1994ರಲ್ಲಿ ಆರಂಭವಾದ ಟ್ಯಾಂಕ್ ಮ್ಯೂಸಿಯಂ ಕೂಡ ಇದೆ. ನಾವು ನೀವೂ ಹೋಗಿ ನೋಡಬಹುದು. ವಶಪಡಿಸಿಕೊಂಡ ಪ್ಯಾಟನ್, ಆವಡಿಯಲ್ಲಿ ತಯಾರಾದ ವಿಜಯಂತ, ಸೆಂಚುರಿಯನ್ ಎಲ್ಲ ಬಯಲಿನಲ್ಲೇ ನಿಂತಿವೆ. ದುಡ್ಡು ಖರ್ಚು ಮಾಡುವ ಮೊದಲು ಒಂದು ಭಾನುವಾರ ಹೋಗಿ ಬನ್ನಿ. ತಂಗಿಯರನ್ನೂ ಕರೆದೊಯ್ಯಿರಿ, ಬಣ್ಣ ಹಚ್ಚುವುದರಲ್ಲಿ ಅವರ ಕೈಯೇ ಮೇಲು. ಬಿಸಿಲು ಜೋರು, ನೀರು ಒಯ್ಯಿರಿ. ಟ್ಯಾಂಕುಗಳ ಮೇಲೆ ಹತ್ತಬೇಡಿ. ಕೆಳಗೆ ನಿಂತೇ ಮೇಲಿನ ಮುಚ್ಚಳದ ಅಗಲವನ್ನು ನಿಮ್ಮ ಭುಜದ ಅಗಲಕ್ಕೆ ಹೋಲಿಸಿ ನೋಡಿ.