ಕಂಪ್ಯೂಟರ್ ವಿದ್ಯೆ ಯಾರ ಸೊತ್ತು?

ಸಾರಕ್ಕಿ ಮಾರುಕಟ್ಟೆಯಲ್ಲಿ ತರಕಾರಿ ಮಾರುವವನ ಮಗಳೂ ಪಕ್ಕದ ಜೆ.ಪಿ. ನಗರದ ಬಂಗಲೆಯ ಹುಡುಗನೂ ಒಂದೇ ವಯಸ್ಸಿನವರು. ಹುಡುಗನಿಗೆ ಹಣ ತೆತ್ತು ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಪಾಠ. ಹುಡುಗಿಗೆ 'ಅದು ನಿಮ್ಮಂಥವರಿಗಲ್ಲ' ಎಂಬ ಉಪದೇಶ! ಬಡಾವಣೆಗೆ ಜಯಪ್ರಕಾಶ ನಾರಾಯಣರ ಹೆಸರಿಟ್ಟರೆ ಸಾಕೇ?

ಈ ಉಪದೇಶವನ್ನು ನಾವು ಒಪ್ಪುವುದಿಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಮಗ್ಗಕ್ಕೆ ರಟ್ಟಿನ ತೂತುಗಳೇ ಆಜ್ಞೆ. ತೂತಿದ್ದರೆ ಎಳೆ ಮೇಲೆ, ಇಲ್ಲದಿದ್ದರೆ ಕೆಳಗೆ. ಪ್ರೋಗ್ರಾಮಿನ ಬೀಜ ಅಲ್ಲಿದೆ. ಅಂಗಡಿಯವನು 'ಹಳೆ ಬಾಕಿ ತೀರಿದ್ದರೆ ಸಾಲ ಕೊಡು, ಇಲ್ಲವಾದರೆ ಬೇಡ' ಎಂದು ಆಳಿಗೆ ಹೇಳುವುದೂ ಅದೇ ರೀತಿಯದು. ಮಗ್ಗ ನಡೆಸುವವರ, ತಕ್ಕಡಿ ಹಿಡಿಯುವವರ ಮಕ್ಕಳಿಗೆ ಈ ವಿದ್ಯೆ ಹೇಗೆ ಅನ್ಯವಾದೀತು?

ಬಂಡವಾಳಗಾರರ ಕೈಗೆ ಬಿಟ್ಟದ್ದರ ಫಲವನ್ನು ಕಂಡಿದ್ದೇವೆ. 2020ರಲ್ಲಿ ಬೆಂಗಳೂರಿನ ಬೈಜೂಸ್ ಕಂಪನಿ, ಮಕ್ಕಳಿಗೆ ಕೋಡಿಂಗ್ ಪಾಠ ಮಾರುತ್ತಿದ್ದ ವೈಟ್‌ಹ್ಯಾಟ್ ಜೂನಿಯರನ್ನು 30 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಜಾಹೀರಾತು ಮಾನಕ ಮಂಡಳಿ ವೈಟ್‌ಹ್ಯಾಟ್‌ನ ಐದು ಜಾಹೀರಾತುಗಳನ್ನು ಹಿಂತೆಗೆಯಲು ಸೂಚಿಸಿತು. 2024ರಲ್ಲಿ ಬೈಜೂಸ್ ದಿವಾಳಿ ನ್ಯಾಯಮಂಡಳಿಯ ಕಟ್ಟೆ ಹತ್ತಿತು. ತಂದೆತಾಯಿಗಳ ಭಯವೇ ಅವರ ಬಂಡವಾಳ!

6ನೇ ತರಗತಿಯಿಂದ ಕೋಡಿಂಗ್ ಇರಲೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆಯಿತು. ಬರೆದರೆ ಆಯಿತೇ? ಕಾಗದದ ದೀಪ ಬೆಳಕು ಕೊಡುವುದಿಲ್ಲ. ಸರ್ಕಾರಿ ಶಾಲೆಗೆ ಕೆಲಸ ಮಾಡುವ ಯಂತ್ರ ಬೇಕು, ತರಬೇತಾದ ಖಾಯಂ ಉಪಾಧ್ಯಾಯರು ಬೇಕು, ಕನ್ನಡದಲ್ಲಿ ಪಾಠ ಬೇಕು. ಯಂತ್ರ ಬರುವ ತನಕ ಪಾಠ ನಿಲ್ಲಬೇಕಿಲ್ಲ. ಸರಿಯಾದ ಕ್ರಮದಲ್ಲಿ ಆಜ್ಞೆ ಜೋಡಿಸುವುದನ್ನು ಹಲಗೆ ಬಳಪದಲ್ಲೂ ಕಲಿಸಬಹುದು.

ಮಿತ್ರರೇ, ನಿಮ್ಮ ಮಕ್ಕಳ ಶಾಲೆಯ ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋಗಿ. ಭಿಕ್ಷೆಯೆಂದಲ್ಲ, ಹಕ್ಕೆಂದು ಕೇಳಿ!